ಭವಿಷ್ಯನಿಧಿಯೂ ಬೇರೆಯಾದ ಸಂಸಾರವೂ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ)

"ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ" ಎಂಬ ಗಾದೆಯನ್ನು ನಾವೆಲ್ಲರೂ ಪ್ರಾಥಮಿಕ ಶಾಲೆಯಲ್ಲಿ ಕಾಪಿ ಬರೆದವರು. ಉಳಿತಾಯದ ಹಿರಿಮೆಯನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ. ಆದರೆ ಹನಿಗೂಡಿ ಹಳ್ಳವಾದ ಮೇಲೆ ಆ ನೀರು ಯಾರದು, ಅದರ ಲೆಕ್ಕ ಯಾರ ಪುಸ್ತಕದಲ್ಲಿದೆ, ಆ ಪುಸ್ತಕವನ್ನು ತೆರೆದು ನೋಡುವ ಹಕ್ಕು ಯಾರಿಗುಂಟು ಎಂಬ ಪ್ರಶ್ನೆಗಳನ್ನು ಗಾದೆ ಎತ್ತುವುದಿಲ್ಲ. ಸಂಸಾರ ಸರಿಯಾಗಿ ನಡೆಯುವವರೆಗೆ ನಾವೂ ಎತ್ತುವುದಿಲ್ಲ. ಸಂಸಾರ ಒಡೆದ ದಿನ ಮಾತ್ರ ಅವು ಒಟ್ಟಿಗೆ ಬಂದು ಬಾಗಿಲಲ್ಲಿ ನಿಲ್ಲುತ್ತವೆ.

ಕಥೆ, ಕವನ, ಪ್ರವಾಸ ಕಥನಗಳಿಂದ ತುಂಬಿದ ನಮ್ಮ ವಾರ್ಷಿಕ ಸಂಚಿಕೆಯಲ್ಲಿ ವಿವಾಹವಿಚ್ಛೇದನ, ಭವಿಷ್ಯನಿಧಿ, ಹಳೆಯ ಸಂಬಳದ ಚೀಟಿ ಎಂಬ ಮಾತುಗಳನ್ನು ತೆಗೆಯುವುದು ಮದುವೆಯ ಮನೆಯಲ್ಲಿ ಸಾಲದ ಮಾತೆತ್ತಿದಂತೆ ಆದೀತೆಂಬ ಅಳುಕು ನನಗಿದೆ. ಆದರೂ ಬರೆಯುತ್ತಿದ್ದೇನೆ. ನಮ್ಮ ಕಾಲೇಜಿನಲ್ಲಿ ಓದುವ ಬಹುಮಂದಿ ತಮ್ಮ ಮನೆಗಳಲ್ಲಿ ಅರ್ಜಿ ತುಂಬಬಲ್ಲ ಮೊದಲನೆಯ ತಲೆಮಾರಿನವರು. ನಾವು ತುಂಬುವ ಅರ್ಜಿಯಿಂದ ಯಾರಿಗೆ ಒಳ್ಳೆಯದಾಗುತ್ತದೆ, ಯಾರಿಗೆ ಕೆಡಕಾಗುತ್ತದೆ ಎಂದು ವಿಚಾರಿಸದೆ ತುಂಬಿದವಳು ನಾನು. ಆ ತಪ್ಪನ್ನು ಒಪ್ಪಿಕೊಳ್ಳುವುದಕ್ಕೂ ಈ ಲೇಖನ ಒಂದು ನೆಪ.

ನಮ್ಮೂರು ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿ ಹೋಬಳಿಗೆ ಸೇರಿದ್ದು. ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮವನ್ನೂ ಅದರ ಮುಂದಿನ ಮೇಕೆದಾಟುವನ್ನೂ ನೋಡಬಂದವರು ಈ ಕಡೆಯ ಕಾಡನ್ನು ಕಂಡಿರುತ್ತಾರೆ. ಆ ಕಾಡಿನ ಅಂಚಿನಲ್ಲಿ ರಾಗಿ, ಹುರುಳಿ ಬೆಳೆದು, ಆನೆ ತಿಂದು ಬಿಟ್ಟದ್ದನ್ನು ಮನೆಗೆ ತರುವವರನ್ನು ಕಂಡಿರಲಾರರು. ಮಳೆಯನ್ನೇ ನಂಬಿದ ಹೊಲದಿಂದ ಸಂಸಾರ ಸಾಗದೆಂದು ಗಂಡಸರು ಬೆಂಗಳೂರಿನ ಕಾರ್ಖಾನೆಗಳಿಗೆ ಹೋಗುವುದೂ, ನೀರಿರುವ ತುಂಡು ಜಮೀನಿನಲ್ಲಿ ಹಿಪ್ಪುನೇರಳೆ ಹಾಕಿ ಹೆಂಗಸರು ರೇಷ್ಮೆಹುಳು ಸಾಕುವುದೂ ನಮ್ಮಲ್ಲಿ ಹೊಸದಲ್ಲ.

ಹುಳು ಸಾಕುವ ಕೆಲಸವನ್ನು ಬಲ್ಲವರಿಗೆ ನಾನು ಹೇಳಬೇಕಾದ ಮಾತು ಅರ್ಧ ತಿಳಿದಂತೆಯೇ. ಮೊಟ್ಟೆಯೊಡೆದ ಮೇಲೆ ಸುಮಾರು 25 ದಿನಗಳಿಗೂ ಮಿಕ್ಕಿ ಸೊಪ್ಪು ಕೊಯ್ಯಬೇಕು, ತಟ್ಟೆ ಬಳಿಯಬೇಕು, ನಾಲ್ಕು ಜ್ವರಗಳನ್ನು ದಾಟಿಸಬೇಕು. ನಾಲ್ಕನೆಯ ಜ್ವರವೆದ್ದ ಮೇಲಂತೂ ಹಗಲು ರಾತ್ರಿಯೆಂಬ ಭೇದವಿಲ್ಲ. ಹುಳು ಹಣ್ಣಾದಾಗ ಆರಿಸಿ ಚಂದ್ರಿಕೆಗೆ ಬಿಡುವವಳು ಮನೆಯಾಕೆ. ಗೂಡನ್ನು ಚೀಲಕ್ಕೆ ತುಂಬಿ ರಾಮನಗರದ ಮಾರುಕಟ್ಟೆಗೆ ಹೊತ್ತೊಯ್ಯುವವನು ಮನೆಯಾತ. ಹರಾಜು ಮುಗಿದಾಗ ತೂಕ, ದರ, ಮೊಬಲಗು ಬರೆದ ಚೀಟಿ ಅವನ ಹೆಸರಿಗೆ ಬರುತ್ತದೆ. ಚೀಟಿ ಸುಳ್ಳಲ್ಲ; ಗೂಡು ತಂದವನು ಅವನೇ. ಆದರೆ ಅದು ಪೂರ್ಣ ಸತ್ಯವೂ ಅಲ್ಲ. ಕಾರ್ಖಾನೆಯ ನೌಕರನ ಭವಿಷ್ಯನಿಧಿಯ ಪುಸ್ತಕವೂ ಇಂಥದೇ ಒಂದು ಚೀಟಿ ಎಂಬುದನ್ನು ನಾನು ಕಲಿತದ್ದು ನನ್ನ ಅಕ್ಕನ ಸಂಸಾರ ಮುರಿದಾಗ.

ಅಕ್ಕನ ಮದುವೆಯಾದದ್ದು 2004ರಲ್ಲಿ. ಆಗ ನಾನು ಹುಟ್ಟಿಯೇ ಇರಲಿಲ್ಲ. ಭಾವನಿಗೆ ಅದೇ ವರ್ಷ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಕೆಲಸವಾಗಿತ್ತು. ಮೂಲ ವೇತನ ತಿಂಗಳಿಗೆ 2,500 ರೂಪಾಯಿ. ಅದರಲ್ಲಿ ಭವಿಷ್ಯನಿಧಿಗೆಂದು 300 ರೂಪಾಯಿ ಹಿಡಿದುಕೊಂಡು ಮಿಕ್ಕದ್ದನ್ನು ಕೊಡುತ್ತಿದ್ದರು. ಮುನ್ನೂರು ರೂಪಾಯಿ ಕೈಗೆ ಬಾರದಿದ್ದರೂ ಸಂಸಾರ ನಡೆಯಿತು. ಹೇಗೆ ನಡೆಯಿತೆಂದರೆ, ಅಕ್ಕ ಊರಿನಲ್ಲಿಯೇ ಉಳಿದು ಎರಡು ಹಸು ಕಟ್ಟಿ ಡೈರಿಗೆ ಹಾಲು ಹಾಕಿ, ವರ್ಷಕ್ಕೆ ನಾಲ್ಕೈದು ಬೆಳೆ ಹುಳು ಸಾಕಿ ಮನೆಯ ಖರ್ಚನ್ನು ತೂಗಿಸಿದಳು. ಭಾವ ಶನಿವಾರದ ಕೊನೆಯ ಬಸ್ಸಿಗೆ ಬಂದು ಭಾನುವಾರ ಸಂಜೆ ಹಿಂದಿರುಗುವಾಗ ಅವನ ಚೀಲದಲ್ಲಿ ವಾರಕ್ಕಾಗುವಷ್ಟು ರಾಗಿಹಿಟ್ಟು, ಹುರುಳಿಕಾಳು ಇರುತ್ತಿದ್ದವು. ಅವನ ಸಂಬಳದಲ್ಲಿ ಉಳಿತಾಯವೆಂದು ಹಿಡಿದ ಪ್ರತಿಯೊಂದು ರೂಪಾಯಿಯ ಹಿಂದೆ ಅವಳು ಮನೆಯಲ್ಲಿ ತುಂಬಿಕೊಟ್ಟ ಒಂದು ರೂಪಾಯಿ ಇತ್ತು.

2021ರ ಜೂನ್ ತಿಂಗಳಲ್ಲಿ ಕೋವಿಡ್ ಕಾರಣದಿಂದ ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಂದಕ್ಕೆ ಹೋಗಿ ನಾನು ಮನೆಯಲ್ಲಿದ್ದೆ. ಭಾವ ತನ್ನ ಮೊಬೈಲನ್ನು ನನ್ನ ಕೈಗೆ ಕೊಟ್ಟು, "ಪುಟ್ಟೀ, ಓದ್ದವಳು ನೀನು, ಇದೊಂದು ತುಂಬ್ಕೊಡವ್ವ" ಎಂದ. ಆ ದಿನಗಳಲ್ಲಿ ಭವಿಷ್ಯನಿಧಿಯಿಂದ ಕೋವಿಡ್ ಮುಂಗಡವನ್ನು ಪಡೆಯಲು ಸರ್ಕಾರ ಅವಕಾಶ ಕೊಟ್ಟಿತ್ತು. ನಾನು ಹೆಮ್ಮೆಯಿಂದ ತುಂಬಿಕೊಟ್ಟೆ. ಗುಪ್ತಪದವನ್ನು ಮರೆಯದಿರಲೆಂದು ನನ್ನ ಗಣಿತದ ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟೆ. ಲೆಕ್ಕದ ಪುಟವನ್ನು ತೆರೆದಾಗ ಅಲ್ಲಿ ಎರಡು ಖಾತೆಗಳ ಸಂಖ್ಯೆಗಳು ಕಂಡವು. "ಇನ್ನೊಂದು ಯಾವ್ದು ಭಾವ?" ಎಂದು ಕೇಳಿದೆ. "ಅದು ಹಳೇದು ಬುಡು" ಎಂದ. ಬಿಟ್ಟೆ. ಹಣ ಬಂದದ್ದನ್ನು ಅಕ್ಕನಿಗೆ ಅವನು ಹೇಳಲಿಲ್ಲ. ಹೇಳಿದ್ದಾನೆಂದೇ ತಿಳಿದು ನಾನೂ ಹೇಳಲಿಲ್ಲ.

ಮರುವರ್ಷ ಇಬ್ಬರೂ ಬೇರೆಯಾದರು. ಯಾರ ತಪ್ಪು ಎಷ್ಟೆಂಬುದು ಈ ಲೇಖನದ ವಿಷಯವಲ್ಲ. ನಾನು ಅಕ್ಕನ ತಂಗಿ. ನನ್ನ ತಕ್ಕಡಿ ಸಮನಾಗಿದೆಯೆಂದು ಹೇಳಿಕೊಳ್ಳಲಾರೆ. 2023ರಲ್ಲಿ ವಿಷಯ ನ್ಯಾಯಾಲಯಕ್ಕೆ ಹೋಯಿತು. ಭಾವ ಸಲ್ಲಿಸಿದ ಆಸ್ತಿಯ ಪ್ರಮಾಣಪತ್ರದಲ್ಲಿ ಆಗ ಮಾಡುತ್ತಿದ್ದ ಕೆಲಸದ ಭವಿಷ್ಯನಿಧಿ ಮಾತ್ರ ಇತ್ತು. ಹತ್ತೊಂಬತ್ತು ವರ್ಷಗಳ ದುಡಿಮೆಯಲ್ಲಿ ಮೊದಲ ಹನ್ನೆರಡು ವರ್ಷ ಯಾವ ಕಾಗದದಲ್ಲಿಯೂ ಇರಲಿಲ್ಲ.

ಇಲ್ಲಿ ಭವಿಷ್ಯನಿಧಿಯ ವ್ಯವಸ್ಥೆಯನ್ನು ಸ್ವಲ್ಪ ವಿವರಿಸಬೇಕು. ನಮ್ಮ ದೇಶದಲ್ಲಿ ನೌಕರರ ಭವಿಷ್ಯನಿಧಿಯ ಕಾಯಿದೆ ಬಂದದ್ದು 1952ರಲ್ಲಿ. ಸಾಮಾನ್ಯವಾಗಿ ನೌಕರನ ವೇತನದಲ್ಲಿ ನೂರಕ್ಕೆ 12ನ್ನು ಹಿಡಿಯುತ್ತಾರೆ. ಮಾಲೀಕನೂ ಅಷ್ಟನ್ನೇ ಕೊಡಬೇಕು. ಆದರೆ 1995ರಲ್ಲಿ ಪಿಂಚಣಿ ಯೋಜನೆ ಬಂದ ಮೇಲೆ ಮಾಲೀಕನ ಪಾಲಿನಲ್ಲಿ ನೂರಕ್ಕೆ 8.33 ಪಿಂಚಣಿಗೆ ಹೋಗಿ, ಉಳಿದ 3.67 ಮಾತ್ರ ನಿಧಿಗೆ ಸೇರುತ್ತದೆ. ಭಾವನ ಮೊದಲ ಸಂಬಳಕ್ಕೆ ಈ ಲೆಕ್ಕವನ್ನು ಹಚ್ಚಿದರೆ, ಅವನದು 300, ಮಾಲೀಕನದು ನಿಧಿಗೆ 92, ಪಿಂಚಣಿಗೆ 208. ನಿಧಿಯ 392 ರೂಪಾಯಿಗಳು ಐದು ವರ್ಷ ಒಂದೇ ಸಮನೆ ಕೂಡಿದರೂ ಬಡ್ಡಿಯನ್ನು ಬಿಟ್ಟು 23,520 ರೂಪಾಯಿಗಳಾಗುತ್ತವೆ. ಸಂಬಳ ಏರಿದಂತೆ ಇದೂ ಏರುತ್ತದೆ.

ತೊಡಕಿರುವುದು ಹಳೆಯ ಲೆಕ್ಕದಲ್ಲಿ. 2014ರಲ್ಲಿ ಪ್ರತಿಯೊಬ್ಬ ಸದಸ್ಯನಿಗೂ ಒಂದೇ ಶಾಶ್ವತ ಸಂಖ್ಯೆ ಬರುವ ಮೊದಲು, ಕಾರ್ಖಾನೆ ಬದಲಾದಾಗಲೆಲ್ಲ ಖಾತೆಯ ಸಂಖ್ಯೆಯೂ ಬದಲಾಗುತ್ತಿತ್ತು. ಮಾಲೀಕರು ಮಾಸಿಕ ಲೆಕ್ಕವನ್ನು ಗಣಕಯಂತ್ರದ ಮೂಲಕ ಸಲ್ಲಿಸುವ ಪದ್ಧತಿ ಬಂದದ್ದು 2012ರಲ್ಲಿ. ಅದಕ್ಕೆ ಹಿಂದಿನ ಕಾಲದಲ್ಲಿ ಒಬ್ಬೊಬ್ಬ ನೌಕರನ ವರ್ಷದ ವಂತಿಗೆಯನ್ನು 3-ಎ ಎಂಬ ನಮೂನೆಯ ಕಾರ್ಡಿನಲ್ಲಿಯೂ, ಇಡೀ ಕಾರ್ಖಾನೆಯ ಲೆಕ್ಕವನ್ನು 6-ಎ ಎಂಬ ಪಟ್ಟಿಯಲ್ಲಿಯೂ ಬರೆಯುತ್ತಿದ್ದರು. ವರ್ಷಕ್ಕೊಮ್ಮೆ ನೌಕರನಿಗೆ ಒಂದು ಲೆಕ್ಕದ ಚೀಟಿ ಬರುತ್ತಿತ್ತು. ಆ ಚೀಟಿಯನ್ನು ಜೋಪಾನ ಮಾಡಿದವರು ಎಷ್ಟು ಮಂದಿ? ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದವರು, ಡಬ್ಬದ ತಳಕ್ಕೆ ಹಾಸಿದವರೇ ಹೆಚ್ಚು. ಹಳೆಯ ಖಾತೆಯನ್ನು ಹೊಸ ಸಂಖ್ಯೆಗೆ ಸೇರಿಸದಿದ್ದರೆ, ಮೊಬೈಲಿನ ಪರದೆಯ ಮೇಲೆ ಅದು ಕಾಣುವುದೇ ಇಲ್ಲ. ಭಾವನ ಮೊದಲ ಕಾರ್ಖಾನೆಯ ಖಾತೆ ಹೀಗೆ ಕಾಣದೆ ಹೋದದ್ದು; ಎರಡನೆಯದು ನಾನು ಕಂಡೂ ಕೇಳದೆ ಬಿಟ್ಟದ್ದು.

ಇನ್ನು ಕಾನೂನು. ವಿಚ್ಛೇದನವಾದರೆ ಗಂಡನ ಆಸ್ತಿಯಲ್ಲಿ ಹೆಂಡತಿಗೆ ಅರ್ಧ ಬರುತ್ತದೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಇದು ಸಿನಿಮಾದಿಂದ ಬಂದ ತಿಳಿವಳಿಕೆ. ಹಿಂದೂ ವಿವಾಹ ಕಾಯಿದೆಯನ್ನು 1955ರಲ್ಲಿ ಮಾಡಿದಾಗ, ವ್ಯಾಜ್ಯ ನಡೆಯುವಷ್ಟು ಕಾಲದ ಜೀವನಾಂಶಕ್ಕೆ 24ನೆಯ ಸೆಕ್ಷನ್ನನ್ನೂ, ಶಾಶ್ವತ ಜೀವನಾಂಶಕ್ಕೆ 25ನೆಯ ಸೆಕ್ಷನ್ನನ್ನೂ, ಮದುವೆಯ ಸಮಯದಲ್ಲಿ ಇಬ್ಬರಿಗೂ ಕೂಡಿ ಬಂದ ಉಡುಗೊರೆಯ ವಿಚಾರಕ್ಕೆ 27ನೆಯ ಸೆಕ್ಷನ್ನನ್ನೂ ಇಟ್ಟರು. ಮದುವೆಯಾದ ಮೇಲೆ ಕೂಡಿಟ್ಟದ್ದನ್ನು ಇಬ್ಬರಿಗೂ ಹಂಚಬೇಕೆಂಬ ನಿಯಮವನ್ನು ಇಡಲಿಲ್ಲ. ಗೋವೆಯಲ್ಲಿ ಮಾತ್ರ 1867ರ ಪೋರ್ಚುಗೀಸ್ ಸಂಹಿತೆಯ ಪರಂಪರೆಯಿಂದ, ಬೇರೆ ಕರಾರಿಲ್ಲದಿದ್ದರೆ ಗಂಡಹೆಂಡಿರ ಆಸ್ತಿ ಕೂಡುಸ್ವತ್ತೆಂಬ ನಿಯಮವಿದೆ. ವಿಚ್ಛೇದನದ ಕಾಲದಲ್ಲಿ ಹೆಂಡತಿಗೆ ಗಂಡನ ಸ್ಥಿರಾಸ್ತಿಯಲ್ಲಿ ಪಾಲು ಕೊಡಿಸುವ ಒಂದು ಮಸೂದೆಯನ್ನು ರಾಜ್ಯಸಭೆ 2013ರಲ್ಲಿ ಒಪ್ಪಿತು; ಲೋಕಸಭೆ ಒಪ್ಪುವ ಮೊದಲೇ ಅದರ ಅವಧಿ ಮುಗಿದು ಮಸೂದೆ ಬಿದ್ದುಹೋಯಿತು.

ಭವಿಷ್ಯನಿಧಿಗಂತೂ ಕೋಟೆಯೇ ಇದೆ. 1952ರ ಕಾಯಿದೆಯ 10ನೆಯ ಸೆಕ್ಷನ್ ಈ ಹಣವನ್ನು ಯಾವ ಸಾಲಕ್ಕೂ ಜಪ್ತಿ ಮಾಡಕೂಡದೆಂದು ವಿಧಿಸಿತು. ಅದರ ಉದ್ದೇಶ ಘನವಾದದ್ದು. ಬಡ್ಡಿ ಸಾಹುಕಾರನ ಕೈ ಮುಪ್ಪಿನ ಗಂಟಿಗೆ ತಾಗದಿರಲೆಂದು ಕಟ್ಟಿದ ಗೋಡೆ ಅದು. ಆದರೆ ಗೋಡೆಗೆ ಸಾಹುಕಾರ ಯಾರು, ಹೆಂಡತಿ ಯಾರು ಎಂಬ ಗುರುತಿಲ್ಲ. 2025ರ ನವೆಂಬರ್ 21ರಂದು ಹೊಸ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂತು; ವಿಚ್ಛೇದಿತಳಿಗೆ ಈ ನಿಧಿಯಲ್ಲಿ ಪಾಲೆಂಬ ಮಾತು ಅದರಲ್ಲಿಯೂ ಇಲ್ಲ. ವಿಚಿತ್ರವನ್ನು ನೋಡಿ: ನೌಕರನಿಗೆ ಮದುವೆಯಾದರೆ ಹಿಂದಿನ ನಾಮನಿರ್ದೇಶನ ಬಿದ್ದುಹೋಗಿ, ಅವನು ತನ್ನ ಹೊಸ ಸಂಸಾರದವರ ಹೆಸರನ್ನು ಬರೆಯಬೇಕೆಂದು ನಿಧಿಯ ನಿಯಮವೇ ಹೇಳಿತು. ಅವನು ತೀರಿಕೊಂಡರೆ ಪಿಂಚಣಿ ಯೋಜನೆ ವಿಧವೆಯನ್ನು ಹುಡುಕಿಕೊಂಡು ಬರುತ್ತದೆ. ಸತ್ತ ಗಂಡನ ನಿಧಿಗೆ ಹೆಂಡತಿ ಬಹಳ ಹತ್ತಿರದವಳು. ಬದುಕಿದ್ದು ಬೇರೆಯಾದ ಗಂಡನ ನಿಧಿಗೆ ಅವಳು ದಾರಿಹೋಕಳು.

ಹಾಗಾದರೆ ಹಳೆಯ ಲೆಕ್ಕವನ್ನು ತರಿಸಿ ಪ್ರಯೋಜನವೇನು ಎಂದು ಕೇಳಬಹುದು. ಇದೆ. 25ನೆಯ ಸೆಕ್ಷನ್ನಿನ ಪ್ರಕಾರ ನ್ಯಾಯಾಲಯ ಶಾಶ್ವತ ಜೀವನಾಂಶವನ್ನು ಗೊತ್ತುಮಾಡುವಾಗ ಇಬ್ಬರ ವರಮಾನವನ್ನೂ ಆಸ್ತಿಯನ್ನೂ ನೋಡಬೇಕು. ಕಾಣದ ಆಸ್ತಿಯನ್ನು ನೋಡುವುದು ಹೇಗೆ? ಆದ್ದರಿಂದ ಪಾಲಿಗಿಂತ ಮೊದಲಿನ ಪ್ರಶ್ನೆ ಲೆಕ್ಕದ್ದು. 2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟು ರಜನೀಶ್ ಮತ್ತು ನೇಹಾ ಅವರ ಮೊಕದ್ದಮೆಯಲ್ಲಿ, ಜೀವನಾಂಶದ ವ್ಯಾಜ್ಯಗಳಲ್ಲಿ ಗಂಡಹೆಂಡಿರಿಬ್ಬರೂ ತಮ್ಮ ಆಸ್ತಿ ಮತ್ತು ಹೊಣೆಗಳ ಪ್ರಮಾಣಪತ್ರವನ್ನು ಕೊಡಬೇಕೆಂದು ತೀರ್ಮಾನಿಸಿತು; ಬೇಸಾಯಗಾರರಿಗೆಂದು ಬೇರೆಯ ನಮೂನೆಯನ್ನೂ ಇಟ್ಟಿತು. ಪ್ರಮಾಣಪತ್ರದಲ್ಲಿ ಬಿಟ್ಟದ್ದನ್ನು ಪ್ರಶ್ನಾವಳಿ ಕೊಟ್ಟು ಕೇಳುವುದಕ್ಕೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೆಯ ಆದೇಶದಲ್ಲಿಯೂ, ಮೂರನೆಯವರ ಬಳಿಯಿರುವ ದಾಖಲೆಯನ್ನು ಸಮನ್ಸು ಕಳುಹಿಸಿ ತರಿಸುವುದಕ್ಕೆ 16ನೆಯ ಆದೇಶದಲ್ಲಿಯೂ ದಾರಿಯಿದೆ. ಒಬ್ಬನಿಗೆ ಮಾತ್ರ ವಿಶೇಷವಾಗಿ ಗೊತ್ತಿರುವ ಸಂಗತಿಯನ್ನು ರುಜುವಾತು ಮಾಡುವ ಹೊರೆ ಅವನದೇ ಎಂದು 2023ರ ಸಾಕ್ಷ್ಯ ಕಾಯಿದೆಯ 109ನೆಯ ಸೆಕ್ಷನ್ ಹೇಳುತ್ತದೆ. ಹಳೆಯ ಕಾಯಿದೆಯಲ್ಲಿ ಅದು 106ನೆಯದಾಗಿತ್ತು.

ಮಾಹಿತಿ ಹಕ್ಕಿನ ಅರ್ಜಿ ಸಾಲದೆ ಎಂದು ನಮ್ಮ ಗೆಳತಿಯರು ಕೇಳಿದರು. ಆ ದಾರಿ ಕಿರಿದು. ನೌಕರನೊಬ್ಬನ ಸೇವೆ, ಆಸ್ತಿ, ತೆರಿಗೆಯ ವಿವರಗಳು ವೈಯಕ್ತಿಕ ಮಾಹಿತಿಯೆಂದು ಸುಪ್ರೀಂ ಕೋರ್ಟು 2012ರಲ್ಲಿ ಗಿರೀಶ್ ದೇಶಪಾಂಡೆಯವರ ಮೊಕದ್ದಮೆಯಲ್ಲಿ ಹೇಳಿತು. ಅಕ್ಕ ಒಂದು ಕಛೇರಿಗೆ ಹೋಗಿ ಬಾಯಿಮಾತಿನಲ್ಲಿ ವಿಚಾರಿಸಿದಾಗಲೂ, "ಖಾತೆ ನಿಮ್ಮದಲ್ಲವಲ್ಲಮ್ಮ" ಎಂದು ಅಲ್ಲಿನ ಗುಮಾಸ್ತರು ಹೇಳಿ ಕಳುಹಿಸಿದರು. ಅವರು ನಿಯಮವನ್ನು ಹೇಳಿದರು, ಅವರನ್ನು ದೂರುವುದಿಲ್ಲ. ಆದರೆ ಹತ್ತೊಂಬತ್ತು ವರ್ಷ ರಾಗಿಹಿಟ್ಟು ಕಟ್ಟಿಕೊಟ್ಟವಳಿಗೆ ಆ ಒಂದು ವಾಕ್ಯವನ್ನು ಕೇಳಿಸಿಕೊಳ್ಳುವುದು ಎಷ್ಟು ಕಷ್ಟವಾಯಿತೆಂದು ನಾನು ಬಸ್ಸಿನಲ್ಲಿ ಅವಳ ಪಕ್ಕ ಕುಳಿತು ನೋಡಿದೆ. ಕನಕಪುರದಿಂದ ಊರು ಬರುವವರೆಗೆ ಅವಳು ಮಾತನಾಡಲಿಲ್ಲ.

ಆ ರಾತ್ರಿ ನಾನು ಗಣಿತದ ನೋಟುಪುಸ್ತಕವನ್ನು ಹುಡುಕಿ ತೆಗೆದೆ. ಗುಪ್ತಪದ ಹಾಗೆಯೇ ಇತ್ತು. ಭಾವ ಅದನ್ನು ಬದಲಾಯಿಸಿರಲಿಕ್ಕಿಲ್ಲ ಎನಿಸಿತು. ಬೆರಳು ತಾಗಿಸಿದರೆ ಎಲ್ಲವೂ ತಿಳಿಯುತ್ತಿತ್ತೋ ಏನೋ. ಬೆಳಗಾದ ಮೇಲೆ ನಮ್ಮ ವಕೀಲಮ್ಮನವರಿಗೆ ಹೇಳಿದೆ. ಅವರು ತಾಲ್ಲೂಕಿನ ಕಾನೂನು ಸೇವಾ ಸಮಿತಿಯಿಂದ ಗೊತ್ತಾದವರು. 1987ರ ಕಾಯಿದೆಯಂತೆ ಹೆಣ್ಣುಮಕ್ಕಳಿಗೆ ವರಮಾನವೆಷ್ಟೆಂದು ಕೇಳದೆ ಉಚಿತ ಕಾನೂನು ನೆರವು ಕೊಡಬೇಕೆಂಬುದು ನಮಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಅವರು, "ಅದು ನಿನ್ನನ್ನ ನಂಬಿ ಕೊಟ್ಟ ಬೀಗದಕೈ ಕಣಮ್ಮ. ಅದರಿಂದ ಬಾಗಿಲು ತೆಗೆದ್ರೆ ನಾಳೆ ತಪ್ಪಿತಸ್ಥರು ನಾವಾಗ್ತೀವಿ. ಕೋರ್ಟಿನ ಮೂಲಕ ಕೇಳೋಣ, ಅವರೇ ತೆಗೀಲಿ" ಎಂದರು. ನಾನು ಹಾಳೆಯನ್ನು ಹರಿದು ಒಲೆಗೆ ಹಾಕಿದೆ. ಎರಡು ಖಾತೆಗಳನ್ನು ಕಂಡಿದ್ದೆನೆಂಬ ನೆನಪನ್ನು ಮಾತ್ರ ಅವರಿಗೆ ಕೊಟ್ಟೆ.

ಪ್ರಶ್ನಾವಳಿ ಹೋಯಿತು. ಭಾವ ಎರಡನೆಯ ಖಾತೆಯನ್ನು ಒಪ್ಪಿಕೊಂಡ. 2009ರಿಂದ 2016ರವರೆಗೆ ಕೂಡಿದ್ದ ಆ ಹಣದ ಬಹುಭಾಗವನ್ನು 2018ರಲ್ಲಿ ಮನೆ ಕಟ್ಟುವುದಕ್ಕೆಂದು ಮುಂಗಡವಾಗಿ ತೆಗೆದದ್ದು ಲೆಕ್ಕದಲ್ಲಿ ಕಂಡಿತು. ಆ ಮನೆ ಎಲ್ಲಿದೆಯೆಂದು ಅಕ್ಕ ಇಂದಿಗೂ ಕಂಡವಳಲ್ಲ. ಮೊದಲನೆಯ ಖಾತೆಯದೇ ಕಷ್ಟವಾಯಿತು. ಆ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷಗಳಾಗಿದ್ದವು. ಅದರ ಕಾಗದಪತ್ರಗಳು ಎಲ್ಲಿವೆಯೆಂದು ಹೇಳುವವರಿಲ್ಲ. ಖಾತೆಯ ಸಂಖ್ಯೆ ತನಗೆ ನೆನಪಿಲ್ಲವೆಂದು ಭಾವ ಹೇಳಿದ. ಅದು ನಿಜವೂ ಇರಬಹುದು.

ಆಗ ನಮ್ಮವ್ವನಿಗೆ ಅಕ್ಕನ ಮದುವೆಯ ತಗಡಿನ ಪೆಟ್ಟಿಗೆ ನೆನಪಾಯಿತು. ಅದರಲ್ಲಿ ಧಾರೆ ಸೀರೆಯ ಕೆಳಗೆ, ಪದರು ಬಿಚ್ಚಿದರೆ ಹರಿಯುವಂತಿದ್ದ ಹದಿನಾಲ್ಕು ಸಂಬಳದ ಚೀಟಿಗಳೂ ಒಂದು ವಾರ್ಷಿಕ ಲೆಕ್ಕದ ಚೀಟಿಯೂ ಸಿಕ್ಕವು. ಅಕ್ಕ ಏಳನೆಯ ತರಗತಿಯವರೆಗೆ ಓದಿದವಳು. ಇಂಗ್ಲಿಷಿನ ಚೀಟಿಯನ್ನು ಏಕೆ ಇಟ್ಟೆ ಎಂದು ಕೇಳಿದರೆ, "ಅವರ ಹೆಸ್ರಿತ್ತಲ್ಲ, ತುಳಿಯೋ ಕಡೆ ಹಾಕ್ಬಾರ್ದು ಅಂತ ಇಟ್ಟೆ" ಎಂದಳು. ಅನುಮಾನದಿಂದಲ್ಲ, ಗೌರವದಿಂದ ಇಟ್ಟ ಕಾಗದ ಅದು. ಅದರ ಮೂಲೆಯಲ್ಲಿ ಕೆ.ಎನ್. ಎಂದು ಆರಂಭವಾಗುವ ಖಾತೆಯ ಸಂಖ್ಯೆ ಸ್ಪಷ್ಟವಾಗಿತ್ತು. ಆ ಸಂಖ್ಯೆಯನ್ನು ಹಿಡಿದು ಸಮನ್ಸು ಹೊರಟಿತು. ಒಂದಷ್ಟು ವರ್ಷದ ಲೆಕ್ಕ ಬಂತು. ಒಂದಷ್ಟು ವರ್ಷದ್ದು ಸಿಗಲಿಲ್ಲ. 2025ರಲ್ಲಿ ಇಬ್ಬರೂ ಒಪ್ಪಿ ಬೇರೆಯಾಗುವಾಗ, ಸಿಕ್ಕಿದ ಲೆಕ್ಕವನ್ನು ಮುಂದಿಟ್ಟುಕೊಂಡೇ ಜೀವನಾಂಶದ ಮೊತ್ತವನ್ನು ಗೊತ್ತುಮಾಡಿದರು. ಹಣ ದೊಡ್ಡದಲ್ಲ. ಆದರೆ "ಅವಳದೇನಿದೆ" ಎಂದು ಆರಂಭವಾದ ಮಾತು "ಅವಳಿಗೆಷ್ಟು" ಎಂಬಲ್ಲಿಗೆ ಬಂದು ನಿಂತಿತು. ಇದನ್ನು ಮಾಡಿದ್ದು ಹದಿನಾಲ್ಕು ಹಳೆಯ ಚೀಟಿಗಳು.

ಈಗ ನನ್ನ ಅಭಿಪ್ರಾಯವನ್ನು ಹೇಳುತ್ತೇನೆ. ದಾಂಪತ್ಯದ ಕಾಲದಲ್ಲಿ ಕೂಡಿದ ಉಳಿತಾಯದ ಲೆಕ್ಕ ಇಬ್ಬರದೂ ಆಗಬೇಕು. ಹಣವನ್ನು ಹೇಗೆ ಹಂಚಬೇಕೆಂಬುದರಲ್ಲಿ ವಿದ್ವಾಂಸರು ಭಿನ್ನರಾಗಬಹುದು. ಲೆಕ್ಕವನ್ನು ತೋರಿಸಬೇಕೆಂಬುದರಲ್ಲಿ ಭೇದಕ್ಕೆ ಎಡೆಯಿಲ್ಲ. ಹೊರದೇಶಗಳು ಈ ದಾರಿಯಲ್ಲಿ ಬಹಳ ಮುಂದೆ ಹೋಗಿವೆ. ಜರ್ಮನಿಯಲ್ಲಿ ದಂಪತಿಗಳು ಬೇರೆಯಾಗುವಾಗ ದಾಂಪತ್ಯದ ಕಾಲದಲ್ಲಿ ಸಂಪಾದಿಸಿದ ಪಿಂಚಣಿಯ ಹಕ್ಕನ್ನು ಸರಿತೂಗಿಸುವ ವ್ಯವಸ್ಥೆ 1977ರಿಂದ ಇದೆ. ಅಮೆರಿಕದಲ್ಲಿ 1984ರ ಕಾನೂನು, ನ್ಯಾಯಾಲಯದ ಆಜ್ಞೆಯ ಮೂಲಕ ಖಾಸಗಿ ಪಿಂಚಣಿಯ ಒಂದು ಭಾಗವನ್ನು ಮಾಜಿ ಸಂಗಾತಿಗೆ ನೇರವಾಗಿ ಕೊಡಿಸುವ ಕ್ರಮವನ್ನು ತಂದಿತು. ಇಂಗ್ಲೆಂಡಿನಲ್ಲಿ 2000ದ ಡಿಸೆಂಬರಿನಿಂದ ಪಿಂಚಣಿಯನ್ನು ಹಂಚಬಹುದಾಗಿದೆ. ಆ ದೇಶಗಳಲ್ಲಿಯೂ ಮೂವತ್ತು ವರ್ಷದ ಹಿಂದಿನ ಕಾಗದವನ್ನು ಹುಡುಕುವ ಶ್ರಮ ತಪ್ಪಿಲ್ಲ. ಆದರೆ ಹುಡುಕುವವಳನ್ನು "ನೀನಾರು" ಎಂದು ಕಾನೂನು ಕೇಳುವುದಿಲ್ಲ.

ಹೊರಗಿನವರ ಉದಾಹರಣೆ ಬೇಡವೆಂದರೆ ನಮ್ಮದೇ ಇದೆ. ಕೇಂದ್ರದಲ್ಲಿ 1937ರ ಕಾಯಿದೆ ಬರುವುದಕ್ಕೆ ನಾಲ್ಕು ವರ್ಷ ಮೊದಲೇ, 1933ರಲ್ಲಿ, ಮೈಸೂರು ಸಂಸ್ಥಾನ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಮಾಡಿ ಕುಟುಂಬದ ಆಸ್ತಿಯಲ್ಲಿ ಹೆಣ್ಣಿಗೆ ಸ್ಥಾನ ಕೊಟ್ಟಿತು. ಹುಟ್ಟಿದ ಮನೆಯ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನ ಸಮನಾದ ಹಕ್ಕನ್ನು ಕರ್ನಾಟಕ 1994ರಲ್ಲಿಯೇ ಕೊಟ್ಟಿತು; ದೇಶಕ್ಕೆಲ್ಲ ಅದು ಬಂದದ್ದು 2005ರಲ್ಲಿ. 2023ರ ಜೂನ್ ತಿಂಗಳಲ್ಲಿ ನೆರೆಯ ಮದ್ರಾಸ್ ಹೈಕೋರ್ಟು, ಗಂಡ ದುಡಿದ ಹಣದಿಂದ ಕೊಂಡ ಆಸ್ತಿಯಲ್ಲಿ ಮನೆ ನಡೆಸಿದ ಹೆಂಡತಿಯ ಶ್ರಮವೂ ಸೇರಿದೆಯೆಂದು ಒಪ್ಪಿ ಅವಳಿಗೆ ಅರ್ಧ ಪಾಲನ್ನು ಕೊಟ್ಟಿತು. ಹೆಣ್ಣಿಗೆ ಆಸ್ತಿ ಕೊಡುವ ಮಾತಿನಲ್ಲಿ ಎರಡು ಬಾರಿ ಮುಂದೆ ನಡೆದ ನಾಡು ಮೂರನೆಯ ಬಾರಿ ನಡೆಯಲಾರದೆ?

ಆಕ್ಷೇಪಣೆಗಳನ್ನು ನಾನು ಬಲ್ಲೆ. ನಮ್ಮ ಅಧ್ಯಾಪಕರೊಬ್ಬರು, "ಗಂಡಹೆಂಡಿರಾದ ಮಾತ್ರಕ್ಕೆ ಒಬ್ಬರ ಗುಟ್ಟು ಇನ್ನೊಬ್ಬರಿಗೆ ತೆರೆದಿರಬೇಕೇನು? ಖಾಸಗಿತನವೂ ಮೂಲಭೂತ ಹಕ್ಕೇ" ಎಂದರು. ಸುಪ್ರೀಂ ಕೋರ್ಟು 2017ರಲ್ಲಿ ಹಾಗೆಂದೇ ಹೇಳಿದೆ, ನಾನೂ ಒಪ್ಪುತ್ತೇನೆ. ಒಪ್ಪಿಯೇ ಆ ಹಾಳೆಯನ್ನು ಒಲೆಗೆ ಹಾಕಿದೆ. ಆದರೆ ಖಾಸಗಿತನ ಬೇರೆ, ಮರೆಮಾಚುವುದು ಬೇರೆ. ಮನಸ್ಸಿನ ಮಾತು, ಸ್ನೇಹಿತರ ಪತ್ರ, ರೋಗದ ವಿವರ ಇವು ಒಬ್ಬೊಬ್ಬರ ಸ್ವಂತದವು. ಇಬ್ಬರೂ ಹೊಟ್ಟೆಬಟ್ಟೆ ಕಟ್ಟಿ ಕೂಡಿಸಿದ ಗಂಟಿನ ಲೆಕ್ಕ ಅಂಥದಲ್ಲ. ಬಾಗಿಲನ್ನು ಕದ್ದು ತೆರೆಯಬಾರದು. ಹಾಗೆಯೇ ಕೇಳಿದಾಗ ಮುಚ್ಚಿಯೂ ಇಡಬಾರದು.

ಇನ್ನೊಂದು ಆಕ್ಷೇಪಣೆ, ಇದು ಹೆಂಗಸರ ಪಕ್ಷಪಾತವೆಂಬುದು. ಅಲ್ಲ. ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ದುಡಿಯುವವರು ಬಹುಮಟ್ಟಿಗೆ ಹೆಂಗಸರೇ. ಮಾಲೀಕರ ಪಾಲಿನ ಹಣವನ್ನು 58 ವರ್ಷವಾಗುವವರೆಗೆ ತೆಗೆಯಬಾರದೆಂಬ ನಿಯಮ ಬಂದಾಗ, 2016ರ ಏಪ್ರಿಲ್ ತಿಂಗಳಲ್ಲಿ ಅವರು ಸಾವಿರಗಟ್ಟಲೆ ರಸ್ತೆಗಿಳಿದರು. ಎರಡೇ ದಿನಗಳಲ್ಲಿ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ಭವಿಷ್ಯನಿಧಿ ಹೆಣ್ಣಿನ ಗಂಟೂ ಹೌದೆಂದು ನಾಡಿಗೆ ಆಗ ತಿಳಿಯಿತು. ನಾನು ಕೇಳುವ ನ್ಯಾಯ ಅವರಿಗೂ ಅನ್ವಯಿಸಬೇಕು. ಹೊಲ ನೋಡಿಕೊಂಡು ಮಕ್ಕಳನ್ನು ಸಾಕಿದ ಗಂಡನಿದ್ದರೆ, ಕಾರ್ಖಾನೆಗೆ ಹೋದ ಹೆಂಡತಿಯ ಪುಸ್ತಕವೂ ಅವನಿಗೆ ತೆರೆದಿರಲಿ. ಸರ್ಕಾರಿ ನೌಕರರ ಸಾಮಾನ್ಯ ಭವಿಷ್ಯನಿಧಿಗೂ, 2006ರ ಏಪ್ರಿಲ್ ನಂತರ ನಮ್ಮ ರಾಜ್ಯದಲ್ಲಿ ಸೇವೆಗೆ ಸೇರಿದವರ ಹೊಸ ಪಿಂಚಣಿ ಖಾತೆಗೂ ಇದೇ ಮಾತು. ನಮ್ಮ ಅಧ್ಯಾಪಕವೃಂದ ಮನ್ನಿಸಬೇಕು.

ಮೂರನೆಯದು ಹಿರಿಯರ ಆಕ್ಷೇಪಣೆ: ಲೆಕ್ಕ ಕೇಳುವುದನ್ನು ಹೆಣ್ಣುಮಕ್ಕಳಿಗೆ ಕಲಿಸಿದರೆ ಸಂಸಾರ ಒಡೆಯುತ್ತದೆಂಬುದು. ನನ್ನ ಅನುಭವ ಬೇರೆ. ಅಕ್ಕ ಹತ್ತೊಂಬತ್ತು ವರ್ಷ ಒಮ್ಮೆಯೂ ಲೆಕ್ಕ ಕೇಳಲಿಲ್ಲ, ಸಂಸಾರ ಉಳಿಯಲಿಲ್ಲ. 2018ರಲ್ಲಿ ಕೇಳಿದ್ದರೆ ಜಗಳವಾಗುತ್ತಿತ್ತು, ನಿಜ. ಆದರೆ ಒಲೆಯ ಮುಂದೆ ಆಗುವ ಜಗಳ ನ್ಯಾಯಾಲಯದ ಜಗುಲಿಯಲ್ಲಿ ಆಗುವುದಕ್ಕಿಂತ ಅಗ್ಗ.

ಆದ್ದರಿಂದ ನಾನು ಕೋರುವುದು ಎರಡು. ಕಾನೂನು ಮಾಡುವವರಲ್ಲಿ ಕೋರುವುದು, ವಿಚ್ಛೇದನದ ಅರ್ಜಿ ದಾಖಲಾದ ಕೂಡಲೇ ಮದುವೆಯ ದಿನದಿಂದ ಅಂದಿನವರೆಗಿನ ನಿಧಿಯ ಪೂರ್ಣ ಲೆಕ್ಕ, ಹಳೆಯ ಖಾತೆಗಳೂ ತೆಗೆದ ಮುಂಗಡಗಳೂ ಸೇರಿ, ನ್ಯಾಯಾಲಯದ ಒಂದೇ ಪತ್ರಕ್ಕೆ ಇಬ್ಬರ ಕೈಗೂ ಬರುವಂತಾಗಬೇಕು. ತೊಡಕು ಲೆಕ್ಕ ಸಿಗುವುದರಲ್ಲಿ ಇರಲಿ, ಕೇಳುವ ಹಕ್ಕಿನಲ್ಲಿ ಇರಬಾರದು. ಸಹಪಾಠಿಗಳಲ್ಲಿ ಕೋರುವುದು ಇನ್ನೂ ಸುಲಭವಾದದ್ದು. ಮನೆಯಲ್ಲಿ ಯಾರದಾದರೂ ಭವಿಷ್ಯನಿಧಿಯ ಪುಟವನ್ನು ತೆರೆದುಕೊಡಿ ಎಂದರೆ, ಅವರ ಒಪ್ಪಿಗೆ ಪಡೆದು ಮನೆಯಾಕೆಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಗಟ್ಟಿಯಾಗಿ ಓದಿ. ಸಂಬಳದ ಚೀಟಿ, ಖಾತೆಯ ಸಂಖ್ಯೆ, ಬ್ಯಾಂಕಿನ ಪುಸ್ತಕಗಳನ್ನು ಇಬ್ಬರಿಗೂ ಗೊತ್ತಿರುವ ಒಂದೇ ಕಡೆ ಇಡಿಸಿ. ಹಳೆಯ ಕಾರ್ಖಾನೆಯ ಖಾತೆ ಹೊಸ ಸಂಖ್ಯೆಗೆ ಸೇರಿದೆಯೇ ಎಂದು ನೋಡಿ. ಒಪ್ಪದಿದ್ದರೆ ತುಂಬಿಕೊಡುವ ಮುನ್ನ ಏಕೆಂದು ಒಂದು ಮಾತು ಕೇಳಿ. ನಾನು ಹತ್ತನೆಯ ತರಗತಿಯಲ್ಲಿ ಕೇಳಬೇಕಾಗಿದ್ದ ಮಾತು ಅದು.

ಅಕ್ಕ ಈಗ ನಮ್ಮ ಮನೆಯಲ್ಲಿಯೇ ಹುಳು ಸಾಕುತ್ತಾಳೆ. ಕಳೆದ ಬೆಳೆಯ ಗೂಡನ್ನು ರಾಮನಗರಕ್ಕೆ ತಾನೇ ತೆಗೆದುಕೊಂಡು ಹೋದಳು; ನಾನೂ ಜೊತೆಗಿದ್ದೆ. ಹರಾಜಾದ ಮೇಲೆ ಬಂದ ಚೀಟಿಯಲ್ಲಿ ಅವಳ ಹೆಸರಿತ್ತು. ಅದನ್ನು ಎರಡು ಸಲ ಓದಿಸಿ, ನಾಲ್ಕಾಗಿ ಮಡಿಸಿ, ಸೆರಗಿನ ತುದಿಗೆ ಕಟ್ಟಿಕೊಂಡಳು. ಮನೆಗೆ ಬಂದ ಮೇಲೆ ಆ ತಗಡಿನ ಪೆಟ್ಟಿಗೆಯನ್ನು ತೆರೆದು, ಹಿಂದೆ ಹದಿನಾಲ್ಕು ಚೀಟಿಗಳಿದ್ದ ಜಾಗದಲ್ಲಿಯೇ ಅದನ್ನು ಇಟ್ಟಳು.